ಐಲ್ಸಾ ಓದಿದ ನೀಲಿ ಫ್ರಾಕು

ಐಲ್ಸಾ ಮಕ್ರೇಯ ಗಂಡ ಮನೆ ಬಿಟ್ಟು ಹೋಗುವಾಗ ಆಡಿದ ಮಾತು ನಮ್ಮ ಬೀದಿಗೆಲ್ಲ ಗೊತ್ತು. ಗೇಟಿನ ಹತ್ತಿರ ಸೂಟ್‌ಕೇಸ್ ಕೆಳಗಿಟ್ಟು, ಗಟ್ಟಿಯಾಗಿಯೇ ಹೇಳಿದ: “ಸತ್ತವರ ಬಟ್ಟೆ ಹಾಕ್ಕೊಂಡು, ಕಾಣದೇ ಇರೋರ ಹತ್ರ ಕಟಕಟ ಅಂತ ಮಾತಾಡೋಳ ಜೊತೆ ಸಂಸಾರ ಮಾಡೋಕೆ ನನ್ನ ಕೈಲಿ ಆಗಲ್ಲಮ್ಮಾ!” ಐಲ್ಸಾ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ನಿನ್ನ ಕೊಡೆ ಮರ್ತಿದ್ದೀಯ,” ಎಂದು ಒಳಗಿಂದ ತಂದುಕೊಟ್ಟಳು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ದ್ವೇಷವಿಲ್ಲ. ಈಗಲೂ ಕ್ರಿಸ್‌ಮಸ್‌ಗೆ ಕಾರ್ಡು ಹೋಗುತ್ತದೆ, ಬರುತ್ತದೆ.

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆಗ ಅವಳಿಗೆ ನಲವತ್ತು, ನಾನು ಹೇಳಹೊರಟಿರುವುದು ನಡೆದಾಗ ಐವತ್ತೊಂದು. ಅಷ್ಟು ವರ್ಷಗಳಲ್ಲಿ ನಾನು ಅವಳನ್ನು ಹೊಸ ಬಟ್ಟೆಯಲ್ಲಿ ಕಂಡದ್ದೇ ಇಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹೊಲಿದದ್ದು ಅವಳ ಬೀರುವಿನಲ್ಲಿ ಒಂದೂ ಇರಲಿಲ್ಲ. ಕಂದು ಬಣ್ಣದ ಉಣ್ಣೆಯ ಲಂಗ, ಭುಜ ಎತ್ತಿದ ಜಾಕೀಟು, ಪಿನ್ನು ಚುಚ್ಚಿದ ಟೊಪ್ಪಿ, ಹಿಂಭಾಗದಲ್ಲಿ ಗೆರೆ ಇರುವ ಕಾಲುಚೀಲ ಇಷ್ಟೂ ತೊಟ್ಟು, ಕಡಲಗಾಳಿಗೆ ಎದುರಾಗಿ ಸೈಕಲ್ ತುಳಿದುಕೊಂಡು ಅವಳು ಹೋಗುತ್ತಿದ್ದದ್ದು ಬಣ್ಣದ ಅಂಗಡಿಗೆ. ಅಲ್ಲಿ ಮೇಲೊಂದು ಏಪ್ರನ್ ಕಟ್ಟಿಕೊಂಡು ಗಿರಾಕಿಗಳಿಗೆ ಬಣ್ಣ ಕಲಸಿ ಕೊಡುವುದು ಅವಳ ಕೆಲಸ. ಮಷಿನ್ನು ಇದ್ದರೂ ಕಣ್ಣಳತೆಯಲ್ಲೇ ಕಲಸುತ್ತಿದ್ದಳು. ನಮ್ಮ ಕಡಲೂರು ನೇಪಿಯರ್‌ನಲ್ಲಿ ಮೂವತ್ತೊಂದರ ಭೂಕಂಪ ಆದಮೇಲೆ ಎದ್ದ ಆ ತಿಳಿಗುಲಾಬಿ, ತಿಳಿಹಸಿರು ಕಟ್ಟಡಗಳಲ್ಲಿ ಅರ್ಧಕ್ಕೆ ಈಗಿರುವ ಬಣ್ಣ ಅವಳ ಕೈಯದೇ.

ಹೊಸ ಗಿರಾಕಿ ಯಾರೇ ಬಂದರೂ ಅವಳನ್ನು ಕೆಣಕದೆ ಇರುತ್ತಿರಲಿಲ್ಲ. “ಏನಮ್ಮಾ, ಸಿನಿಮಾ ಶೂಟಿಂಗಾ ಇವತ್ತು?”

“ಸಿನಿಮಾ ಅಲ್ಲಪ್ಪ, ಸೋಮವಾರ,” ಎನ್ನುತ್ತಿದ್ದಳು ಐಲ್ಸಾ. ಸೋಮವಾರವಾದರೆ ಸೋಮವಾರ, ಬುಧವಾರವಾದರೆ ಬುಧವಾರ.

ಇನ್ನು ಆ ಕಟಕಟ. ಅವಳ ಅಡುಗೆಮನೆಯ ಮೂಲೆಯಲ್ಲಿ ರೇಡಿಯೋ ಸೆಟ್ಟು ಇತ್ತು. ಹಿತ್ತಲಿನ ಬಟ್ಟೆ ಒಣಗಿಸುವ ಕಂಬದಿಂದ ಫೆಜೋವಾ ಹಣ್ಣಿನ ಮರದವರೆಗೆ ಅದರ ಏರಿಯಲ್ ತಂತಿ ಎಳೆದಿದ್ದಳು. ಬೆಳಗ್ಗೆ ಆರಕ್ಕೆ ಟೀ ಕಪ್ಪು ಹಿಡಿದು ಕೂತು, ಚುಕ್ಕೆ ಗೆರೆಗಳ ಮೋರ್ಸ್ ಸಂಕೇತದಲ್ಲಿ ಟೋಂಗಾ ದ್ವೀಪದವರೆಗೂ ಅಲ್ಲಿ ಇಲ್ಲಿ ಇದ್ದ ಹತ್ತು ಹನ್ನೆರಡು ಜನರ ಜೊತೆ ಹರಟೆ ಹೊಡೆಯುತ್ತಿದ್ದಳು. ಬಾಯಲ್ಲಿ ಮಾತಾಡಬಹುದಾದ ಕಾಲದಲ್ಲಿ ಬೆರಳಿನಲ್ಲಿ ಯಾಕೆ ಎಂದು ಕೇಳಿದರೆ, “ಬೆರಳಲ್ಲಿ ಸುಳ್ಳು ಹೇಳೋಕೆ ಬೇಜಾರಾಗುತ್ತೆ, ತುಂಬಾ ಹೊತ್ತು ಹಿಡಿಯುತ್ತೆ,” ಎನ್ನುತ್ತಿದ್ದಳು. ಒಮ್ಮೆ ನಾನು ಅವಳ ಹಿತ್ತಲಿಗೆ ಹೋಗಿದ್ದಾಗ ಗೊತ್ತಿಲ್ಲದೆ ಆ ತಂತಿಯ ಮೇಲೆ ನನ್ನ ಒದ್ದೆ ಟವೆಲ್ಲು ಹರವಿದ್ದೆ. ಚಪ್ಪಲಿ ಕೂಡ ಮೆಟ್ಟದೆ ಓಡಿ ಬಂದಳು. “ನೋಲಾ! ನಿನ್ನ ಟವೆಲ್ಲು ಟೋಂಗಾಗೆ ಅಡ್ಡ ಬಂತು ಕಣೇ!”

ನೋಲಾ ಎಂದರೆ ನಾನು. ಅವಳ ಮನೆಯಿಂದ ಎರಡು ಮನೆ ಆಚೆ. ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಮೇಲೆ, ದಾನದ ಹಳೆ ಬಟ್ಟೆ ಮಾರುವ ಒಂದು ಸಣ್ಣ ಅಂಗಡಿಯಲ್ಲಿ ಮಂಗಳವಾರ ಕೂರುತ್ತೇನೆ. ಮಂಗಳವಾರ ಐಲ್ಸಾಗೆ ರಜೆ; ಅವಳೂ ಬರುತ್ತಿದ್ದಳು. ಬಂದ ಮೂಟೆ ಬಿಚ್ಚಿ, ಮಾರುವುದು ಯಾವುದು, ಚಿಂದಿಗೆ ಯಾವುದು ಎಂದು ಬೇರೆ ಮಾಡುವುದು ನಮ್ಮ ಕೆಲಸ. ಅವಳ ಹತ್ತಿರ ಒಂದು ಉದ್ದನೆಯ ಮರದ ಪೆಟ್ಟಿಗೆ ಇತ್ತು. ಅದರ ತುಂಬ ಚೀಟಿಗಳು. ಯಾವ ಗುಂಡಿ ಯಾವ ವರ್ಷದ್ದು, ಯಾವ ಜಿಪ್ಪು ಯಾವಾಗ ಬಂತು, ಯಾವ ಕೊಕ್ಕೆ ಯಾವಾಗ ನಿಂತುಹೋಯಿತು, ಎಲ್ಲ ಅವಳ ಗುಂಡು ಅಕ್ಷರದಲ್ಲಿ. ಕಾಲರು ನೋಡಿ ಫೋಟೋದ ವರ್ಷ ಹೇಳುತ್ತಿದ್ದಳು. ಅವಳ ಲೆಕ್ಕ ಎರಡು ವರ್ಷಕ್ಕಿಂತ ಹೆಚ್ಚು ತಪ್ಪಿದ್ದನ್ನು ನಾನು ಕಂಡಿಲ್ಲ.

ಫೆಬ್ರವರಿಯಲ್ಲಿ ಆ ಭೂಕಂಪದ ಕಾಲದ ನೆನಪಿಗೆ ಮೂರು ದಿನ ನಮ್ಮ ಊರಿಗೆ ಊರೇ ಹಳೇ ವೇಷ ಹಾಕುತ್ತದೆ. ಗರಿ, ಮುತ್ತಿನ ಸರ, ಮಿಂಚುವ ಗೌನು, ಹಳೇ ಕಾರು. ಆ ಮೂರು ದಿನ ಮಾತ್ರ ಐಲ್ಸಾ ಎಲ್ಲರಲ್ಲಿ ಒಬ್ಬಳಾಗಿ ಬೆರೆತುಹೋಗುತ್ತಾಳೆ. ಮೆರವಣಿಗೆಯ ಉಡುಪಿನ ಸ್ಪರ್ಧೆಗೆ ಪ್ರತಿ ವರ್ಷ ಹೆಸರು ಕೊಡುತ್ತಿದ್ದಳು, ಪ್ರತಿ ವರ್ಷ ಬರಿಗೈಯಲ್ಲಿ ಬರುತ್ತಿದ್ದಳು. ಯಾಕೆಂದರೆ ಅವಳು ತೊಡುತ್ತಿದ್ದದ್ದು ಹಣ್ಣು ತುಂಬುವ ಶೆಡ್ಡಿನ ಹೆಂಗಸರು, ಅಂಗಡಿಯ ಹುಡುಗಿಯರು ತೊಟ್ಟದ್ದು. “ಇದು ಕೆಲಸದವಳ ಬಟ್ಟೆ ಅಲ್ವೇನ್ರೀ?” ಎಂದು ಒಬ್ಬ ತೀರ್ಪುಗಾರ ಮುಖ ಹುಳಿ ಮಾಡಿದ್ದ. “ಹೌದು, ಕೆಲಸ ಮಾಡಿದವಳದ್ದೇ,” ಎಂದಿದ್ದಳು ಐಲ್ಸಾ.

ಆ ವರ್ಷ ಅಕ್ಟೋಬರಿನ ಒಂದು ಮಂಗಳವಾರ ಅಂಗಡಿಗೆ ಬಂದ ಮೂಟೆಯಲ್ಲಿ ಕಡುನೀಲಿ ಫ್ರಾಕೊಂದು ಇತ್ತು. ಬೆನ್ನಿನ ಮೇಲೆ ಐದಾರು ಕಡೆ ನುಸಿ ತಿಂದಿತ್ತು. ನಾನು ಚಿಂದಿಯ ಡಬ್ಬಕ್ಕೆ ಎಸೆದೆ. ಐಲ್ಸಾ ಕೂತಲ್ಲಿಂದಲೇ ಕೈ ಚಾಚಿ ಹಿಡಿದಳು.

“ಇದನ್ನೇನು ಮಾಡ್ತೀಯೇ? ಜರಡಿ ಆಗಿದೆ.”

“ಜಿಪ್ಪಿಲ್ಲ ನೋಡು. ಟಿಚ್ ಬಟನ್ನು. ಅಂಚು ಮಡಚಿರೋದು ಬೆರಳಗಲಾನೂ ಇಲ್ಲ. ಬಟ್ಟೆಗೆ ಬರ ಇದ್ದ ಕಾಲದ್ದು. ನಲವತ್ತೆರಡು, ನಲವತ್ಮೂರು.” ಹೊಲಿಗೆಯನ್ನು ಬೆಳಕಿಗೆ ಹಿಡಿದಳು. “ಎಷ್ಟು ನೇರ ಹೊಲಿದಿದ್ದಾಳೆ ನೋಡು. ಮಷಿನ್ನಲ್ಲ, ಕೈಯಿ.” ಅಷ್ಟರಲ್ಲಿ ಅವಳ ಹುಬ್ಬು ಗಂಟಾಯಿತು. ಫ್ರಾಕಿನ ಕೆಳ ಅಂಚಿನ ಸುತ್ತ ಬಿಳಿ ದಾರದಲ್ಲಿ ಕಸೂತಿ ಇತ್ತು: ಸಣ್ಣ ಗಂಟು, ಉದ್ದ ಹೊಲಿಗೆ, ಮತ್ತೆ ಗಂಟು. “ಇಷ್ಟು ನೇರ ಹೊಲಿಯೋಳು ಅಂಚಿನ ಕಸೂತೀನ ಯಾಕೆ ಹೀಗೆ ಅಡ್ಡಾದಿಡ್ಡಿ ಮಾಡಿದ್ಲು? ಒಂದು ಕಡೆ ಮೂರು ಗಂಟು, ಇನ್ನೊಂದು ಕಡೆ ಒಂದೇ.”

“ಬೇಜಾರಾಗಿರಬೇಕು.”

“ಇಲ್ಲ ನೋಲಾ,” ಎಂದಳು ಮೆಲ್ಲಗೆ. “ಇದು ಮೋರ್ಸು.”

ಸಂಜೆ ಅವಳ ಅಡುಗೆಮನೆಯ ಮೇಜಿನ ಮೇಲೆ ಫ್ರಾಕು ಹರವಿ ಕೂತೆವು. ಅವಳು ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಾ ಹೋದಳು, ನಾನು ಬರೆದುಕೊಂಡೆ. ಎಸ್, ಎ, ಓ, ಐ, ಎ, ಓ. ಆಮೇಲೆ ಓ, ಎ. ಆಮೇಲೆ ಇನ್ನೂ ವಿಚಿತ್ರ.

“ಬರೀ ಸ್ವರಗಳೇ. ಸಮೋವಾ ದ್ವೀಪದವಳಿರಬೇಕು,” ಎಂದೆ.

ಐಲ್ಸಾ ನಗಲಿಲ್ಲ. ಹಿಂದಿನಿಂದ ಬರೆದಳು, ಒಂದು ಬಿಟ್ಟು ಒಂದು ಬರೆದಳು. ಎಲ್ಲ ಅಕ್ಷರವೇ, ಒಂದೂ ಮಾತಲ್ಲ. ಹೀಗೇ ನಾಲ್ಕು ದಿನ. ಬಣ್ಣದ ಅಂಗಡಿಯಲ್ಲಿ ಯಾರದೋ ಬೇಲಿಗೆ ಹಸಿರಿನ ಬದಲು ನೀಲಿ ಕಲಸಿ ಕೊಟ್ಟಳಂತೆ. ಅವಳಿಂದ ಅಂಥ ತಪ್ಪು ಆದದ್ದು ಅದೇ ಮೊದಲು.

ಭಾನುವಾರ ಮಾಹಿಯಾದಿಂದ ಹೋನೆ ಕೆರೆಯಾಮ ಬಂದ. ಎಪ್ಪತ್ತು ದಾಟಿದವನು, ಇಲ್ಲಿನ ಮೂಲನಿವಾಸಿ ಮಾವೋರಿ ಜನದವನು, ಒಂದು ಕಾಲದಲ್ಲಿ ತಂತಿ ಕಂಬ ಹತ್ತಿ ಇಳಿಯುವ ಕೆಲಸದಲ್ಲಿದ್ದವನು, ಬೆಳಗಿನ ಹರಟೆಯಲ್ಲಿ ಐಲ್ಸಾಳ ಹಳೇ ಜೊತೆಗಾರ. ಬರುವಾಗ ಒದ್ದೆ ಗೋಣಿಚೀಲದಲ್ಲಿ ಎರಡು ದೊಡ್ಡ ಕಡಲ ಸಿಗಡಿ ತಂದಿದ್ದ. ನನ್ನ ಚೀಟಿ ನೋಡಿ ತಲೆ ಅಲ್ಲಾಡಿಸಿದ.

“ನಮ್ಮ ಭಾಷೆ ಅಂತೂ ಅಲ್ಲ. ನಮ್ಮಲ್ಲಿ ಎಸ್ಸೇ ಇಲ್ಲ.” ಆಮೇಲೆ ಫ್ರಾಕಿನ ಕಡೆ ನೋಡಿದ. “ಹುಡುಗೀ, ಇದನ್ನ ಮೇಜಿನ ಮೇಲಿಟ್ಟು ಯಾಕೆ ಓದ್ತಿದ್ದೀಯ?”

“ಮತ್ತೆಲ್ಲಿಟ್ಟು ಓದ್ಲಿ ಹೋನೆ?”

“ಹೊಲಿದವಳು ಯಾರಿಗೆ ಅಂತ ಹೊಲಿದ್ಲು? ಎದುರಿಗೆ ನಿಂತವರಿಗಾ, ತನಗಾ? ಹಾಕ್ಕೊಂಡು ನೋಡು ಹೋಗು.”

ಐಲ್ಸಾ ಒಳಗೆ ಹೋಗಿ ಫ್ರಾಕು ತೊಟ್ಟು ಬಂದಳು. ಹೇಳಿ ಹೊಲಿಸಿದ ಹಾಗೆ ಕೂತಿತ್ತು. ಅಡುಗೆಮನೆಯ ನಡುವೆ ನಿಂತು, ಫ್ರಾಕು ತುಸು ಎತ್ತಿ, ಕತ್ತು ಬಗ್ಗಿಸಿ ತನ್ನದೇ ಅಂಚನ್ನು ನೋಡಿದಳು. ಎದುರು ನಿಂತವರಿಗೆ ತಲೆಕೆಳಗಾಗಿ, ಒಂದೊಂದು ಅಕ್ಷರದ ಒಳಗಿನ ಗಂಟು ಗೆರೆಗಳೂ ಹಿಂದುಮುಂದಾಗಿದ್ದದ್ದು ತೊಟ್ಟವಳಿಗೆ ನೆಟ್ಟಗೆ ಕಾಣುತ್ತಿತ್ತು. ಮೆಲ್ಲಗೆ ಸುತ್ತು ತಿರುಗಿಸುತ್ತಾ ಓದಿದಳು:

“ಪಿಲ್‌ಬ್ರೋ. ಮತ್ತೆ ಕೇಳಿದ. ಇಲ್ಲ. ಈರುಳ್ಳಿ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲು ನಕ್ಕದ್ದು ಹೋನೆ. ಹೊಟ್ಟೆ ಹಿಡಿದುಕೊಂಡು ನಕ್ಕ. “ತಂತಿ ಕಳಿಸೋ ಹುಡುಗಿ ಕಣಮ್ಮಾ ಇವಳು! ಒಂದು ಮಾತೂ ಹೆಚ್ಚಿಲ್ಲ!”

“ಏನು ಕೇಳಿದ ಅವನು?” ಎಂದೆ.

“ಇನ್ನೇನು ಕೇಳ್ತಾರೆ ಗಂಡಸರು? ಮದುವೆ ಆಗ್ತೀಯಾ ಅಂತ. ‘ಇಲ್ಲ’ ಅಂತ ಹೇಳೋದು ಮತ್ತೆ ಯಾವುದಕ್ಕೆ?” ಎಂದ ಹೋನೆ.

ಫ್ರಾಕಿನ ಕತ್ತಿನ ಒಳಗೆ, ಕೆಂಪು ದಾರದಲ್ಲಿ ನೇಯ್ದ ಹೆಸರಿನ ಪಟ್ಟಿ ಇತ್ತು: ವಿ. ಟ್ಯಾನ್ಸ್ಲಿ. ಮಾರನೆಯ ಬೆಳಗ್ಗೆ ಆರಕ್ಕೆ ಐಲ್ಸಾ ಆ ಹೆಸರನ್ನು ಗಾಳಿಗೆ ಬಿಟ್ಟಳು. ಗಿಸ್ಬರ್ನಿನಿಂದ ಒಬ್ಬ ಮುದುಕ ಉತ್ತರ ಕೊಟ್ಟ. ಅವನು ಹೇಳಿದ್ದನ್ನು ಐಲ್ಸಾ ನನಗೆ ಹಾಗೇ ಓದಿ ಹೇಳಿದಳು: “ವೈಡಾ ಟ್ಯಾನ್ಸ್ಲಿ. ಕೈ ಗೊತ್ತು, ಮುಖ ಗೊತ್ತಿಲ್ಲ. ಯುದ್ಧದಲ್ಲಿ ಎರಡು ವರ್ಷ ದಿನಾ ತಂತೀಲಿ ಮಾತಾಡಿದ್ವಿ. ಅವಳ ವೇಗಕ್ಕೆ ನಾನು ಅಳ್ತಿದ್ದೆ. ಆಮೇಲೆ ಹಾರ್ಟ್ಸ್‌ಹಾರ್ನ್ ಅನ್ನೋ ಪೀಚ್ ತೋಟದವನನ್ನ ಮದುವೆ ಆದ್ಲು.” ಮುಖ ನೋಡದವಳನ್ನು ಅರವತ್ತು ಚಿಲ್ಲರೆ ವರ್ಷ ನೆನಪಿಟ್ಟುಕೊಂಡಿದ್ದ ಅವನು.

ಫೋನಿನ ಪುಸ್ತಕದಲ್ಲಿ ಆ ಹೆಸರಿನವರು ಒಬ್ಬರೇ ಇದ್ದರು. ಮಾರ್ಗೋ ಹಾರ್ಟ್ಸ್‌ಹಾರ್ನ್, ವೈಡಾ ಅವರ ಮಗಳು. ನಮ್ಮ ಫೋನು ಕೇಳಿ ಗಾಬರಿಯಾದರು.

“ಅಮ್ಮನ್ನ ವೃದ್ಧಾಶ್ರಮಕ್ಕೆ ಸೇರಿಸಿದ ಮೇಲೆ ಮನೆ ಖಾಲಿ ಮಾಡ್ದೆ. ಆ ಮೂಟೆ ನಾನೇ ಕೊಟ್ಟಿದ್ದು. ಯಾಕೆ, ಜೇಬಲ್ಲಿ ಏನಾದ್ರೂ ಸಿಕ್ತಾ?”

“ಜೇಬಲ್ಲಿ ಅಲ್ಲ ಮೇಡಂ, ಅಂಚಲ್ಲಿ,” ಎಂದಳು ಐಲ್ಸಾ.

ಎಲ್ಲ ಕೇಳಿದ ಮೇಲೆ ಮಾರ್ಗೋ ಹೇಳಿದರು: “ಅಮ್ಮ ಅಂಚೆ ಕಚೇರೀಲಿ ಸ್ಟಾಂಪ್ ಮಾರ್ತಿದ್ಲು ಅಂದ್ಕೊಂಡಿದ್ವಿ ನಾವು. ಬನ್ನಿ, ಆದ್ರೆ ಹೆಚ್ಚೇನೂ ನಿರೀಕ್ಷೆ ಮಾಡಬೇಡಿ. ಎಂಬತ್ತಾರು ವರ್ಷ. ಎರಡು ವರ್ಷದಿಂದ ಕಿವಿ ಪೂರ್ತಿ ಹೋಗಿದೆ, ಕಣ್ಣೂ ಮಂಜು. ಬರೆದು ತೋರಿಸಿದ್ರೂ ಓದಲ್ಲ. ಮಾತಾಡೋದನ್ನೇ ಬಿಟ್ಟುಬಿಟ್ಟಿದ್ದಾಳೆ. ಉತ್ತರ ಕೇಳಿಸದೇ ಇದ್ರೆ ಯಾರು ತಾನೇ ಮಾತಾಡ್ತಾರೆ ಹೇಳಿ?”

ಮುಂದಿನ ಗುರುವಾರ ಮಧ್ಯಾಹ್ನ ನನ್ನ ಕಾರಿನಲ್ಲೇ ಹೋದೆವು. ಟಾರಡೇಲ್ ಕಡೆಯ ಆ ಆಶ್ರಮದ ಕಿಟಕಿಯ ಹತ್ತಿರ ವೈಡಾ ಒಂದು ಕುರ್ಚಿಯಲ್ಲಿ ಕೂತಿದ್ದರು. ಸಣ್ಣ ದೇಹ, ದೊಡ್ಡ ಕೈಗಳು. ನಾವು ಬಂದದ್ದು ಗೊತ್ತಾದರೂ ತಿರುಗಲಿಲ್ಲ. ಮಾರ್ಗೋ ಅವರ ಭುಜ ಮುಟ್ಟಿ, ನಮ್ಮ ಕಡೆ ನೋಡಿ ಕೈ ಚೆಲ್ಲಿದರು.

ಐಲ್ಸಾ ಮೊಣಕಾಲೂರಿ ಕೂತಳು. ಫ್ರಾಕನ್ನು ಅವರ ಮಡಿಲಲ್ಲಿಟ್ಟು, ಅಂಚನ್ನು ಅವರ ಬೆರಳಿಗೆ ಕೊಟ್ಟಳು. ಆ ಬೆರಳು ಮೊದಲು ಸುಮ್ಮನೆ ಸವರಿತು. ಒಂದು ಗಂಟಿನ ಮೇಲೆ ನಿಂತಿತು. ಹಿಂದೆ ಹೋಗಿ ಮತ್ತೆ ಬಂತು. ಮೆಲ್ಲಗೆ ಮುಂದೆ ಸರಿಯಿತು, ಆಮೇಲೆ ಬೇಗ ಬೇಗ. ಮುದುಕಿಯ ತುಟಿಯ ಕೊನೆ ಅಲುಗಿತು.

“ಪಿಲ್‌ಬ್ರೋ!” ಎಂದರು ಗಟ್ಟಿಯಾಗಿ. ಆ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. “ಅಯ್ಯೋ ದೇವರೇ, ಪಿಲ್‌ಬ್ರೋ!”

ಐಲ್ಸಾ ಅವರ ಎಡಗೈ ಹಿಡಿದು, ಅಂಗೈಯ ಹಿಂಭಾಗದ ಮೇಲೆ ಬೆರಳಿನಿಂದ ತಟ್ಟತೊಡಗಿದಳು. ಒಂದು ಚುಕ್ಕೆ, ಒಂದು ಒತ್ತು. ವೈಡಾ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡರು. ಕ್ಷಣ ಬಿಟ್ಟು ತಾವೇ ಮುಂದೆ ಚಾಚಿದರು.

“ಯಾರು ನೀನು? ಹೂಂ, ಮುಂದೆ ಹೇಳು. ‘ಅವರು ಓದಿದರಾ’ ಅಂತ ಕೇಳ್ತಿದ್ದೀಯಾ?” ಅವರ ಮುಖ ಅರಳಿತು. “ಓದದೇ ಇರ್ತಾರಾ? ಪೋಸ್ಟ್‌ಮಾಸ್ಟರು ಕಣೇ ಅವರು. ಆದ್ರೆ ಎದುರಿಂದ ನೋಡೋರಿಗೆ ತಲೆಕೆಳಗಲ್ವಾ? ಮೂರು ವಾರ ಗೊತ್ತಾಗ್ಲಿಲ್ಲ. ಒಂದಿನ ಪೆನ್ಸಿಲ್ ಬಿತ್ತು. ನನ್ನ ಸ್ಟೂಲಿನ ಪಕ್ಕ, ನಾನು ನೋಡೋ ಕಡೆಯಿಂದಲೇ ಬಗ್ಗಿದ್ರು. ಬಗ್ಗಿದೋರು ಏಳ್ಲೇ ಇಲ್ಲ.”

ಐಲ್ಸಾ ಮತ್ತೆ ತಟ್ಟಿದಳು.

“ಬೈಯಲಿಲ್ಲಮ್ಮ. ಕಿವಿ ಬೀಟ್‌ರೂಟ್ ಥರ ಆಯ್ತು. ಎದ್ದು ಒಳಗೆ ಹೋದ್ರು. ಮಾರನೇ ದಿನದಿಂದ ಮಧ್ಯಾಹ್ನದ ಬ್ರೆಡ್ಡಿನಲ್ಲಿ ಈರುಳ್ಳಿ ಇಲ್ಲ, ಬಾಯಲ್ಲಿ ಆ ವಾಸನೇನೂ ಇಲ್ಲ. ಮತ್ತೆ ಯಾವತ್ತೂ ಕೇಳ್ಲೂ ಇಲ್ಲ. ಆಗಲ್ಲ ಅಂತ ಮೂರು ಸಲ ಬಾಯಲ್ಲಿ ಹೇಳಿದ್ದೆ, ಕಿವಿಗೆ ಬಿದ್ದಿರ್ಲಿಲ್ಲ. ಬರೆದಮೇಲೆ ಬಿತ್ತು. ಕೆಟ್ಟವರಲ್ಲ ಪಾಪ, ಒಂಟಿ ಮನುಷ್ಯ. ನನ್ನ ಮದುವೆಗೆ ಟೀ ಕಪ್ಪುಗಳ ಸೆಟ್ಟು ಕಳಿಸಿದ್ರು. ಮಾರ್ಗೋ, ಆ ಹಳದಿ ಅಂಚಿನ ಕಪ್ಪುಗಳು!”

ಮಾರ್ಗೋ ಗೋಡೆಗೆ ಒರಗಿ ನಿಂತಿದ್ದರು. ಅವರ ಕಣ್ಣು ತುಂಬಿತ್ತು. ತಾಯಿ ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಎರಡು ವರ್ಷದಲ್ಲಿ ಅವರು ಕೇಳಿರಲಿಲ್ಲ.

ವೈಡಾ ಈಗ ತಾವೇ ಐಲ್ಸಾಳ ಕೈ ಮೇಲೆ ತಟ್ಟತೊಡಗಿದರು. ಬೇಸಿಗೆಯ ಮಳೆ ತಗಡಿನ ಮೇಲೆ ಬಿದ್ದ ಹಾಗೆ. ಐಲ್ಸಾ ತುಟಿ ಕಚ್ಚಿ ಹಿಂದೆ ಬಿದ್ದಳು, ಪೂರ್ತಿ ಸೋತಳು. ಮುದುಕಿ ನಕ್ಕರು. “ನಿನ್ನ ಕೈ ನಿಧಾನ ಮಗಳೇ. ಯಾರು ಕಲಿಸಿದ್ದು?”

ಹೊರಡುವಾಗ ಐಲ್ಸಾ ಫ್ರಾಕನ್ನು ಮಡಚಿ ಮಾರ್ಗೋ ಕೈಗೆ ಕೊಡಹೋದಳು. ಮಾರ್ಗೋ ತೆಗೆದುಕೊಳ್ಳುವುದೋ ಬೇಡವೋ ಎಂದು ನಿಂತರು. ವೈಡಾಗೆ ಅದು ಹೇಗೋ ತಿಳಿಯಿತು. “ಅದು ನನಗೂ ಆಗಲ್ಲ, ಅವಳಿಗೂ ಆಗಲ್ಲ. ಅವಳ ಸೊಂಟ ಅವರಪ್ಪನ ಕಡೇದು. ಓದಿದವಳೇ ಹಾಕ್ಕೊಳ್ಳಲಿ. ತೂತು ರಫೂ ಮಾಡು, ಬಿಳಿ ದಾರದಲ್ಲೇ ಮಾಡು. ರಿಪೇರಿ ಮಾಡಿದ್ದನ್ನ ಯಾಕೆ ಮುಚ್ಚಿಡಬೇಕು?”

ಆ ರಫೂಗೆ ಐಲ್ಸಾ ಎರಡು ವಾರ ತೆಗೆದುಕೊಂಡಳು. ಹೊಲಿಗೆ ಕಷ್ಟವಾಗಿತ್ತೆಂದಲ್ಲ. ಬೆನ್ನ ಮೇಲೆ ಎರಡು ಬಿಳಿ ಚುಕ್ಕೆ ಪಕ್ಕಪಕ್ಕ ಬಂದರೆ ‘ಐ’ ಆಗುತ್ತದೆ, ಮೂರು ಬಂದರೆ ‘ಎಸ್’. ವೈಡಾ ಬರೆಯದ ಮಾತನ್ನು ತಾನು ಸೇರಿಸಿದ ಹಾಗಾಗುತ್ತದೆ ಎಂದು ಅವಳ ಚಿಂತೆ. ಕೊನೆಗೆ ಪ್ರತಿ ತೂತಿಗೂ ನಕ್ಷತ್ರದ ಹಾಗೆ ಹೊಲಿದಳು. “ನಕ್ಷತ್ರ ಯಾವ ಅಕ್ಷರಾನೂ ಅಲ್ಲ,” ಎಂದು ನನಗೆ ವಿವರಿಸಿದಳು. ಇಂಥದ್ದಕ್ಕೆಲ್ಲ ನಾನು ಬರೀ ಹೂಂ ಎನ್ನುತ್ತೇನೆ.

ಫೆಬ್ರವರಿಯ ಮೆರವಣಿಗೆಗೆ ಅದನ್ನೇ ತೊಟ್ಟಳು. ಮಾರ್ಗೋ ತಾಯಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದು ರಸ್ತೆಯ ಪಕ್ಕ ನೆರಳಿನಲ್ಲಿ ನಿಲ್ಲಿಸಿದ್ದರು. ಹೋನೆಯೂ ತನ್ನ ಮದುವೆಯ ಸೂಟು ತೊಟ್ಟು ಬಂದಿದ್ದ; ಅದರ ಗುಂಡಿ ಹಾಕಲು ಬರುತ್ತಿರಲಿಲ್ಲ. ತೀರ್ಪುಗಾರ ಐಲ್ಸಾಳ ಸುತ್ತ ಒಂದು ಸುತ್ತು ಬಂದ. “ಫ್ರಾಕು ಚೆನ್ನಾಗಿದೆ. ಆದ್ರೆ ಈ ತೇಪೆಗಳನ್ನ ಮರೆಮಾಚಬಹುದಿತ್ತಲ್ಲ?” ಎಂದ. ಐಲ್ಸಾ ಆಗ ವೈಡಾ ಅವರ ಕೈ ಹಿಡಿದುಕೊಂಡು, ಮುಂದೆ ಯಾರು ಹೋಗುತ್ತಿದ್ದಾರೆ, ಯಾರ ಟೊಪ್ಪಿ ಹೇಗಿದೆ ಎಂದು ತಟ್ಟಿ ತಟ್ಟಿ ವರದಿ ಒಪ್ಪಿಸುತ್ತಿದ್ದಳು. ಬಹುಮಾನ ಉಷ್ಟ್ರಪಕ್ಷಿಯ ಗರಿ ತೊಟ್ಟ ಒಬ್ಬಾಕೆಗೆ ಹೋಯಿತು. ಐಲ್ಸಾ ಎಲ್ಲರಿಗಿಂತ ಗಟ್ಟಿಯಾಗಿ ಚಪ್ಪಾಳೆ ತಟ್ಟಿದಳು. ಆಮೇಲೆ ನಾವು ಐವರೂ ಕಡಲ ದಂಡೆಯ ಬೆಂಚಿನಲ್ಲಿ ಕೂತು ಕಾಗದದ ಪೊಟ್ಟಣ ಬಿಚ್ಚಿ ಮೀನು, ಆಲೂ ಚಿಪ್ಸ್ ತಿಂದೆವು.

ಗುರುವಾರದ ಮಧ್ಯಾಹ್ನಗಳು ಆಶ್ರಮಕ್ಕೆ ಎಂದು ನಿಗದಿಯಾಗಿಹೋಯಿತು. ಬಣ್ಣದ ಅಂಗಡಿಯ ಮಾಲೀಕನನ್ನು ಕೇಳಿ ಐಲ್ಸಾ ಆ ದಿನ ಎರಡು ಗಂಟೆ ಬೇಗ ಬಿಡುತ್ತಿದ್ದಳು. ಮೊದಮೊದಲು ಮಾರ್ಗೋ ಪಕ್ಕದಲ್ಲಿ ಕೂತು, “ಏನಂತೆ? ಏನಂದಿರಿ?” ಎಂದು ಕೇಳುತ್ತಿದ್ದರು. ಮಾರ್ಚಿನಲ್ಲಿ ಒಂದು ದಿನ ನೋಟ್‌ಪುಸ್ತಕ, ಪೆನ್ಸಿಲ್ ತಂದರು. ನಲವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದ ಹೆಂಗಸು, ಮೊದಲ ಬೆಂಚಿನ ವಿದ್ಯಾರ್ಥಿಯ ಹಾಗೆ ಕೂತು ಚುಕ್ಕೆ ಗೆರೆ ಬರೆದುಕೊಂಡರು. ಸುಲಭಕ್ಕೆ ಹತ್ತಲಿಲ್ಲ. “ನನ್ನ ತಲೆಗೆ ಹೋಗಲ್ಲ ಬಿಡಿ,” ಎಂದು ಎರಡು ಸಲ ಎದ್ದು ಹೋದರು. ಎರಡು ಸಲವೂ ಐಲ್ಸಾ ಹಿಂದೆ ಹೋಗಿ ಕರೆತಂದಳು. ಕರೆತರುವಾಗ ಏನು ಹೇಳಿದಳೋ, ನನಗೆ ಹೇಳಲಿಲ್ಲ.

ನಮ್ಮಲ್ಲಿ ಚಳಿ ಶುರುವಾಗುವ ಮೇ ತಿಂಗಳಲ್ಲಿ, ಮೋಡ ಕವಿದು ಗಾಳಿ ಎದ್ದಿದ್ದ ಒಂದು ಗುರುವಾರ ನಾನೂ ಹೋಗಿದ್ದೆ. ಐಲ್ಸಾ ಬಾಗಿಲ ಹತ್ತಿರ ಟೊಪ್ಪಿಯ ಪಿನ್ನು ತೆಗೆಯುತ್ತಿದ್ದಳು. ಮಾರ್ಗೋ ತಾಯಿಯ ಎದುರು ಕುರ್ಚಿ ಎಳೆದು ಕೂತು, ಪುಸ್ತಕ ನೋಡದೆ, ಆ ದೊಡ್ಡ ಕೈ ಮೇಲೆ ನಾಲ್ಕು ಅಕ್ಷರ ತಟ್ಟಿದರು. ಚಳಿಯಾ ಎಂದು ಕೇಳಿದ್ದು. ಎರಡೂವರೆ ವರ್ಷ ಅವರು ತಾಯಿಯ ಮುಖ ನೋಡಿ ಊಹಿಸಿ ಶಾಲು ಹೊದಿಸಿದ್ದರು, ತೆಗೆದಿದ್ದರು.

ವೈಡಾ ತಲೆ ಓರೆ ಮಾಡಿದರು.

“ಹೂಂ, ಚಳಿ,” ಎಂದರು. “ಆ ಕಿಟಕಿ ಮುಚ್ಚು. ಮತ್ತೆ ಕೊನೇ ಅಕ್ಷರಕ್ಕೆ ಒಂದು ಚುಕ್ಕೆ ಕಡಿಮೆ ಆಯ್ತು, ನೋಡ್ಕೋ.”

ಮಾರ್ಗೋ ಎದ್ದು ಹೋಗಿ ಕಿಟಕಿ ಮುಚ್ಚಿದರು.